ಅಂಬಾಸಿಡರಿನ ಎಣ್ಣೆ ಬಾಬತ್ತು

ಅಂಬಾಸಿಡರ್ ಇಟ್ಟುಕೊಂಡವರ ಮನೆಗೆ ಎರಡು ಬಗೆಯ ಸಲಹೆಗಾರರು ಬರುತ್ತಾರೆ. ‘ಇನ್ನೂ ಯಾಕ್ರೀ ಇದು, ಮಾರಿಬಿಡಿ’ ಅನ್ನುವವರು ಒಂದು ಬಗೆ. ‘ಯಾವ ಆಯಿಲ್ ಹಾಕ್ತೀರಿ?’ ಎಂದು ಕೇಳುವವರು ಇನ್ನೊಂದು. ಮೊದಲನೆಯವರನ್ನು ಕಾಫಿ ಕೊಟ್ಟು ಸಾಗಹಾಕಬಹುದು. ಎರಡನೆಯವರು ಕಾಫಿ ಮುಗಿದ ಮೇಲೂ ಏಳುವುದಿಲ್ಲ. ಏಳುವುದು ಬಾನೆಟ್ ಎತ್ತಿಸಿ, ಡಿಪ್‌ಸ್ಟಿಕ್ ಎಳೆದು, ಬೆರಳಿಗೆ ಸವರಿಕೊಂಡು, ಮೂಸಿ ನೋಡಿದ ಮೇಲೆಯೇ.

ನಮ್ಮದು ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಗಾಡಿ. ಕೋಲ್ಕತ್ತದ ಹತ್ತಿರ ಉತ್ತರಪಾಡಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಹುಟ್ಟು ಮಾತ್ರ ಇಲ್ಲಿಯದು, ಜೀವ ಇಂಗ್ಲೆಂಡಿನದು: ಮಾರಿಸ್ ಆಕ್ಸ್‌ಫರ್ಡ್ ಕಾರಿನ 1489 ಸಿ.ಸಿ. ಎಂಜಿನ್. ಅದಕ್ಕೆ ಸುಮಾರು ನಾಲ್ಕು ಲೀಟರ್ ಆಯಿಲ್ ಬೇಕು. ಹಾಕಿದ್ದರಲ್ಲಿ ಒಂದಿಷ್ಟು ಪೋರ್ಟಿಕೋದ ಪಾಲು. ಆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯಲ್ಲಿ ಈಗಿನ ಗಾಡಿಗಳಂತೆ ರಬ್ಬರ್ ಸೀಲ್ ಇಲ್ಲ, ತಿರುಪಿನ ಗೀರಿನಂಥದೊಂದು ಏರ್ಪಾಟು ಇದೆ. ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ನಿಂತರೆ ಗೀರು ಸುಮ್ಮನಾಗುತ್ತದೆ, ಎಣ್ಣೆ ಸುಮ್ಮನಿರುವುದಿಲ್ಲ. ಅಮ್ಮ ರಂಗೋಲಿ ಹಾಕುವ ಜಾಗವನ್ನು ಎರಡು ಸಲ ಬದಲಾಯಿಸಿ, ಕೊನೆಗೆ ತೂತು ಬೀಳುವುದರಲ್ಲಿದ್ದ ಒಂದು ಬಾಣಲೆಯನ್ನು ಕಾರಿಗೇ ಬಿಟ್ಟುಕೊಟ್ಟಳು. ಅದರಲ್ಲಿ ಸೇರಿದ ಕಪ್ಪು ಎಣ್ಣೆ ಊರಿಗೆ ಹೋಗಿ ಬೇಲಿಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯಲು ಆಗುತ್ತಿತ್ತು. ಈಗ ಹಾಗೆಲ್ಲ ಮಾಡಬಾರದು, ಮಣ್ಣಿಗೆ ವಿಷ.

ಹಳೇ ಸಾಮಾನು ಕೂಡಿಡುವ ಗೆಳೆಯನೊಬ್ಬ ಈಚೆಗೆ ಬಂದವನು ಬಾಯಿ ಒಡೆಯದ ಒಂದು ತಗಡಿನ ಡಬ್ಬಿ ತಂದ. ಮುಚ್ಚಿಹೋದ ಯಾವುದೋ ಅಂಗಡಿಯ ಅಟ್ಟದಲ್ಲಿ ಸಿಕ್ಕಿತಂತೆ. ಬಣ್ಣ ಮಾಸಿದ್ದರೂ ಅಕ್ಷರ ಓದಬಹುದಿತ್ತು, ಅಂಚಿನಲ್ಲಿ ತುಕ್ಕು. ‘ಆ ಕಾಲದ ಗಾಡಿಗೆ ಆ ಕಾಲದ ಆಯಿಲ್. ಹಾಕು, ಎಂಜಿನ್ ಹಾಡುತ್ತೆ’ ಅಂದ. ನಮ್ಮ ಮೆಕ್ಯಾನಿಕ್ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೀಡಿಯನ್ನು ಬಾಯಿಯಿಂದ ತೆಗೆಯದೆಯೇ, ‘ಬಾಗಿಲ ಕೀಲಿಗೆ ಹಾಕ್ಕೊಳ್ಳಿ ಸಾರ್’ ಅಂದ. ಗೆಳೆಯನಿಗೆ ಸಿಟ್ಟು ಬಂತು. ಆದರೆ ಮೆಕ್ಯಾನಿಕ್ ಹೇಳಿದ್ದೇ ಸರಿ. ಹಳೆಯದಾದಷ್ಟೂ ಔಷಧಿಯಾಗುವ ತುಪ್ಪದ ಭಾಗ್ಯ ಎಂಜಿನ್ ಆಯಿಲ್‌ಗೆ ಇಲ್ಲ. ಅದರಲ್ಲಿ ಬೆರೆಸಿದ ರಾಸಾಯನಿಕಗಳು ವರ್ಷಗಟ್ಟಲೆ ಕೂತರೆ ತಳಕ್ಕೆ ಇಳಿಯುತ್ತವೆ. ಇನ್ನೂ ಹಿಂದಿನ ಕಾಲದ್ದಾದರೆ ಇಳಿಯುವುದಕ್ಕೆ ರಾಸಾಯನಿಕವೇ ಇರುವುದಿಲ್ಲ: 1930ಕ್ಕೆ ಮುಂಚಿನ ಆಯಿಲ್ ಎಂದರೆ ಹೆಚ್ಚುಕಡಿಮೆ ಬರೀ ಎಣ್ಣೆ.

ಆ ಬರೀ ಎಣ್ಣೆಯ ಚರಿತ್ರೆಯಲ್ಲಿ ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ನೆಂಟನೊಬ್ಬ ಇದ್ದಾನೆ. 1899ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ ಒಂದು ಎಣ್ಣೆ ಕಂಪನಿ ಶುರುಮಾಡಿದ. 1909ರಲ್ಲಿ ಖನಿಜ ತೈಲಕ್ಕೆ ಹರಳೆಣ್ಣೆ ಬೆರೆಸಿ ಮಾರಲು ಹೊರಟು, ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಅದನ್ನು ಕ್ಯಾಸ್ಟ್ರಾಲ್ ಎಂದು ಕರೆದ. ಮೊದಲ ಮಹಾಯುದ್ಧದ ಕೆಲವು ವಿಮಾನಗಳಲ್ಲಂತೂ ಎಂಜಿನ್ನಿನ ಸಿಲಿಂಡರುಗಳೇ ಗಿರಗಿರ ಸುತ್ತುತ್ತಿದ್ದವು. ಪೆಟ್ರೋಲು ಹಾದುಹೋಗುವ ದಾರಿಯಲ್ಲೇ ಎಣ್ಣೆಯೂ ಇರುತ್ತಿದ್ದರಿಂದ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಹರಳೆಣ್ಣೆಯೇ ಬೇಕಿತ್ತು. ಉರಿಯದೆ ಉಳಿದದ್ದು ಹೊಗೆಯ ಜತೆ ಚಿಮ್ಮಿ ಪೈಲಟ್ಟಿನ ಮುಖಕ್ಕೆ, ಮೂಗಿಗೆ, ಬಾಯಿಗೆ ಹೊಡೆಯುತ್ತಿತ್ತು. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿಯಿಂದ ಮೂಗು ಹಿಡಿಸಿಕೊಂಡು ಒಳಲೆಯಲ್ಲಿ ಹರಳೆಣ್ಣೆ ಹೊಯ್ಸಿಕೊಂಡವರಿಗೆಲ್ಲ ಆ ಶೂರರ ಪಾಡು ಗೊತ್ತು. ನಮಗೆ ಹಿತ್ತಲಾದರೂ ಇತ್ತು, ಅವರು ಆಕಾಶದಲ್ಲಿದ್ದರು.

ಹರಳೆಣ್ಣೆಗೆ ಜಾರುಗುಣ ಸೊಗಸಾಗಿದೆ, ಕಾದ ಲೋಹವನ್ನು ಬಿಡದೆ ಹಿಡಿಯುತ್ತದೆ. ಎತ್ತಿನ ಗಾಡಿಯ ಕೀಲಿಗೆ ನಮ್ಮವರು ಹಾಕುತ್ತಿದ್ದದ್ದೂ ಅದನ್ನೇ. ಆದರೆ ಬಿಸಿಗೆ ಕುದಿದು ಕುದಿದು ಅಂಟಾಗುತ್ತದೆ. ಹಾಗಾಗಿ ದಿನಬಳಕೆಯ ಕಾರುಗಳು ಅದನ್ನು ಕೈಬಿಟ್ಟವು, ರೇಸಿನವರು ಮಾತ್ರ ಬಹುಕಾಲ ಹಚ್ಚಿಕೊಂಡಿದ್ದರು.

ಅಂಬಾಸಿಡರಿನಂಥ ಗಾಡಿಗಳ ನಿಜವಾದ ಬಂಧು 1940ರ ದಶಕದಲ್ಲಿ ಬಂತು: ಸತು ಮತ್ತು ರಂಜಕ ಕೂಡಿದ ಒಂದು ಸಂಯುಕ್ತ. ಗ್ಯಾರೇಜಿನಲ್ಲಿ ಅದಕ್ಕೆ ‘ಜಿಂಕ್’ ಎಂದಷ್ಟೇ ಹೆಸರು. ಈ ಎಂಜಿನ್ನುಗಳಲ್ಲಿ ಕ್ಯಾಮ್ ಟಾಪೆಟ್ಟಿನ ಮೇಲೆ ಉರುಳುವುದಿಲ್ಲ, ಉಜ್ಜುತ್ತದೆ. ಆ ಒತ್ತಡ, ಆ ಬಿಸಿಗೆ ಜಿಂಕ್ ಲೋಹದ ಮೇಲೆ ಗಾಜಿನಂಥ ತೆಳುಪೊರೆ ಕಟ್ಟುತ್ತದೆ. ಸವೆಯುವುದು ಪೊರೆ, ಉಳಿಯುವುದು ಕ್ಯಾಮ್.

ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ನಮ್ಮಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಹೊಗೆ ಶುದ್ಧಿ ಮಾಡುವ ಆ ಡಬ್ಬಿಗೆ ರಂಜಕ ಆಗದು. ಅದಕ್ಕೆ ಆಯಿಲ್‌ನಲ್ಲಿ ರಂಜಕದ ಮಿತಿ ಇಳಿಯುತ್ತ, 1990ರ ದಶಕದ ಮೊದಲಲ್ಲಿ ಶೇ 0.12 ಇದ್ದದ್ದು 2004ರ ಹೊತ್ತಿಗೆ ಶೇ 0.08ಕ್ಕೆ ಬಂತು. ಹೊಸ ಎಂಜಿನ್ನುಗಳಲ್ಲಿ ಉರುಳುವ ಭಾಗಗಳೇ ಹೆಚ್ಚು, ಅವಕ್ಕೆ ಅಷ್ಟು ಸಾಕು. ಗಾಳಿ ಚೊಕ್ಕಟವಾಗಲೆಂದು ಮಾಡಿದ್ದು, ನನ್ನ ತಕರಾರಿಲ್ಲ.

ತಕರಾರಿರುವುದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನು ಕಂಡ ಅಂಗಡಿಯವರ ಮೇಲೆ. ‘ಫುಲ್ ಸಿಂಥೆಟಿಕ್ ಹಾಕಿ ಸಾರ್, 5ಡಬ್ಲ್ಯು-30, ಗಾಡಿ ಬೆಣ್ಣೆ ಆಗುತ್ತೆ.’ ಬೆಲೆಯಲ್ಲಿ ಮಾತ್ರ ಅದು ಉತ್ತಮ. ಸವೆದು ಸಡಿಲಾದ ಬೇರಿಂಗುಗಳ ನಡುವೆ ಅಷ್ಟು ತೆಳುವಾದ ಎಣ್ಣೆ ನಿಲ್ಲುವುದಿಲ್ಲ, ಪ್ರೆಶರ್ ಗೇಜಿನ ಮುಳ್ಳು ಮಲಗುತ್ತದೆ, ಪೋರ್ಟಿಕೋದ ಬಾಣಲೆ ಬೇಗ ತುಂಬುತ್ತದೆ. ರಂಜಕದ ಮಿತಿ ಬಿಗಿಯಾಗಿರುವುದೂ ಇಂಥ ತೆಳು ಎಣ್ಣೆಗಳಿಗೇ, ದಪ್ಪನೆಯ 20ಡಬ್ಲ್ಯು-50ಕ್ಕೆ ಅಲ್ಲ. ಎಂದರೆ ಹಳೇ ಗಾಡಿಗೆ ಬೇಕಾದದ್ದು ಅಟ್ಟದ ಡಬ್ಬಿಯಲ್ಲೂ ಇಲ್ಲ, ಅಂಗಡಿಯ ಮುಂದಿನ ಸಾಲಿನಲ್ಲೂ ಇಲ್ಲ. ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಕೂತಿದೆ.

ನಿಮ್ಮ ಶೆಡ್ಡಿನಲ್ಲೂ ಅಂಬಾಸಿಡರೋ ಪದ್ಮಿನಿಯೋ ಇದ್ದರೆ, ಮಾಮೂಲಿ ಖನಿಜ ತೈಲದ 20ಡಬ್ಲ್ಯು-50 ಕೇಳಿ ತನ್ನಿ. ಓಡಿಸಿದರೂ ಓಡಿಸದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಇಳಿಸಿದ್ದನ್ನು ಚರಂಡಿಗೆ ಸುರಿಯಬೇಡಿ. ಹಳೇ ತಗಡಿನ ಡಬ್ಬಿ ಸಿಕ್ಕರೆ ಷೋಕೇಸಿನಲ್ಲಿಡಿ, ಚೆನ್ನಾಗಿ ಕಾಣುತ್ತದೆ.