ಅಬ್ಬಾನ ಬೆನ್ನಿಗೆ ಹೊಂದುವ ಬೈಕ್

ನಮ್ಮ ಮನೆ ಗುಬ್ಬಿಯಲ್ಲಿ. ಅಬ್ಬಾ ತುಮಕೂರಿನಲ್ಲಿ ಸೀಟು, ಸೋಫಾ ಹೊಲಿಯುತ್ತಾರೆ. ಹೋಗಿಬರಲು ದಿನಕ್ಕೆ ಸುಮಾರು 40 ಕಿ.ಮೀ.; ಕೆಲಸ ಸಿಕ್ಕರೆ ಕುಣಿಗಲ್‌ವರೆಗೂ. ಸೊಂಟದ ಡಿಸ್ಕ್ ತೊಂದರೆ ಶುರುವಾದಾಗ ಬಸ್ಸಿನಲ್ಲಿ ಓಡಾಡಿ ಎಂದರು ಡಾಕ್ಟರು. ಫೋಮ್ ಹಾಳೆ ಹೊತ್ತು ಬಸ್ ಹತ್ತುವುದು ಹೇಗೆ? ಕೆಲಸ ನಿಂತರೆ ನನ್ನ ಫೀಸೂ ನಿಲ್ಲುತ್ತಿತ್ತು.

ಭಾಯಿಜಾನ್‌ಗೆ ಬುಲೆಟ್ ಆಸೆ. ನೆಟ್ಟಗೆ ಕೂರಬಹುದು ನಿಜ, ಆದರೆ ತೂಕ 190 ಕೆ.ಜಿ. ದಾಟುತ್ತದೆ, ಸ್ಟ್ಯಾಂಡ್ ಹಾಕುವಾಗಲೇ ಸೊಂಟ ಹಿಡಿದೀತು. ಸ್ಕೂಟರಿನ ಸಣ್ಣ ಚಕ್ರ ಗುಂಡಿಗೆ ಪೂರ್ತಿ ಇಳಿಯುತ್ತದೆ, ಕಾಲು ಮುಂದಿರುವುದರಿಂದ ಹೊಡೆತವೆಲ್ಲ ಬೆನ್ನಿಗೇ. ಕೊನೆಗೆ ತಂದದ್ದು ಹಳೆಯ ಸ್ಪ್ಲೆಂಡರ್: 18 ಇಂಚಿನ ಚಕ್ರ, ಎತ್ತರದ ಹ್ಯಾಂಡಲ್, ಕಾಲು ಮೈಯ ಕೆಳಗೇ. ಹಂಪ್ ಬಂದರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ತುಸು ಏಳಬಹುದು.

ಸೀಟನ್ನು ಮಾತ್ರ ಅವರೇ ಬಿಚ್ಚಿದರು. ಮೆತ್ತಗಿದ್ದರೆ ಒಳ್ಳೆಯದೆಂದು ನಾನು ಅಂದುಕೊಂಡಿದ್ದೆ. “ಮೆತ್ತನೆಯದು ಶೋರೂಮಿನಲ್ಲಿ ಚೆಂದ, ಬೇಟಾ. ಅರ್ಧ ಗಂಟೆಗೆ ಕುಸಿದು ಮೂಳೆ ತಳಕ್ಕೆ ತಾಗುತ್ತದೆ,” ಎಂದು ಕೆಳಗೆ ಗಟ್ಟಿ ಫೋಮ್, ಮೇಲೆ ತೆಳ್ಳನೆಯ ಮೆತ್ತೆ ಇಟ್ಟು, ಮುಂದಕ್ಕೆ ಜಾರದ ಹಾಗೆ ಸಮ ಮಾಡಿ ಹೊಲಿದರು.

ನೋವು ಪೂರ್ತಿ ಹೋಗಿಲ್ಲ. ಮಲ್ಲಸಂದ್ರದಲ್ಲಿ ಇಳಿದು ಐದು ನಿಮಿಷ ಅಡ್ಡಾಡುತ್ತಾರೆ, ಮತ್ತೆ ಹತ್ತುತ್ತಾರೆ. ಈಗ ಬೆನ್ನು ನೋವಿನವರೇ ತಮ್ಮ ಸೀಟು ತಂದು ಕೊಡುತ್ತಿದ್ದಾರೆ.