ಎರಡನೆಯ ಗಾಜು

ನಾನು ಸಹಾಯಕ ಗುರುವಾಗಿದ್ದ ದಿನಗಳಲ್ಲಿ ನಮ್ಮ ಹಳೆಯ ದೇವಾಲಯದ ಗೋಡೆಯೊಂದು ಬಿರುಕು ಬಿಟ್ಟಿತು. ನೋಡಲು ಬಂದ ವಯಸ್ಸಾದ ಮೇಸ್ತ್ರಿಯವರು ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಇದು ನನಗೆ ಅರ್ಥವಾಯಿತು. ಆದರೆ ಅವರು ಬಿರುಕಿಲ್ಲದ ಕಡೆಯೂ ಅಂಥದೇ ಇನ್ನೊಂದು ಗಾಜನ್ನು ಅಂಟಿಸಿದರು. "ಇದೇಕೆ?" ಎಂದೆ. "ಸ್ವಾಮಿ, ಎರಡೂ ಒಡೆದರೆ ತಪ್ಪು ಗೋಡೆಯದಲ್ಲ, ನನ್ನ ಸಿಮೆಂಟಿನದು" ಎಂದರು.

ಈಚೆಗೆ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿರುವ 'ವೆಂಡೆಲ್‌ಸ್ಟೈನ್ 7-ಎಕ್ಸ್' ಯಂತ್ರದ ಬಗ್ಗೆ ಓದುವಾಗ ಆ ಮೇಸ್ತ್ರಿ ನೆನಪಾದರು. ಸೂರ್ಯನ ಒಡಲಲ್ಲಿ ನಡೆಯುವಂಥ ಪರಮಾಣು ಸಮ್ಮಿಲನದ ದಾರಿಯನ್ನು ಅಲ್ಲಿ ಅರಸುತ್ತಿದ್ದಾರೆ. 2016ರ ಫೆಬ್ರವರಿ 3ರಂದು ಅದರಲ್ಲಿ ಮೊದಲ ಹೈಡ್ರೋಜನ್ ಪ್ಲಾಸ್ಮಾಕ್ಕೆ ಗುಂಡಿ ಒತ್ತಿದವರು ಆಗಿನ ಚಾನ್ಸಲರ್ ಅಂಗೆಲಾ ಮರ್ಕೆಲ್. ಪಾದ್ರಿಯೊಬ್ಬರ ಮಗಳಾದ ಅವರು ಸ್ವತಃ ಭೌತವಿಜ್ಞಾನಿ.

ಕೋಟ್ಯಂತರ ಡಿಗ್ರಿ ಕಾವಿನ ಆ ಅನಿಲವನ್ನು ಯಾವ ಪಾತ್ರೆಯೂ ತಾಳಲಾರದು. ಕಾಂತಬಲವೇ ಅದನ್ನು ಹಿಡಿದಿಡಬೇಕು. ಅದಕ್ಕಾಗಿ 70 ಅತಿವಾಹಕ ಸುರುಳಿಗಳಿವೆ. ದ್ರವ ಹೀಲಿಯಂನಿಂದ ಮೈನಸ್ 270 ಡಿಗ್ರಿಯ ಸಮೀಪಕ್ಕೆ ತಣಿಸಿದಾಗ ಅವು ವಿದ್ಯುತ್ತಿಗೆ ತಡೆಯನ್ನೇ ಒಡ್ಡುವುದಿಲ್ಲ. ಆದರೆ ವಿದ್ಯುತ್ ಹರಿದೊಡನೆ ಒಂದನ್ನೊಂದು ಅಗಾಧ ಬಲದಿಂದ ಸೆಳೆಯುತ್ತವೆ, ದೂಡುತ್ತವೆ. ಆಧಾರಗಳ ಮೇಲೆ ಒಂದಿಷ್ಟು ಜಾರಲು ಅವಕ್ಕೆ ಎಡೆ ಬೇಕು. ಥಟ್ಟನೆ ಜಾರಿದರೆ ಉಜ್ಜಾಟದ ಅಲ್ಪ ಕಾವೂ ಆ ಅತಿವಾಹಕ ಗುಣವನ್ನು ಕೆಡಿಸಬಲ್ಲದು. ಮುಚ್ಚಿದ ನಿರ್ವಾತದ ಕವಚದೊಳಗೆ ಇಣುಕಿ ನೋಡುವಂತಿಲ್ಲ. ಆದ್ದರಿಂದ ಉಕ್ಕಿನ ಮೇಲೆ ಸ್ಟ್ರೇನ್ ಗೇಜ್‌ಗಳನ್ನು ಅಂಟಿಸಿದ್ದಾರೆ. ಅಂಕುಡೊಂಕಾಗಿ ಹಾಯಿಸಿದ ತೆಳು ಲೋಹದ ಎಳೆ ಅದು; ಉಕ್ಕು ಹಿಗ್ಗಿದರೆ ಎಳೆಯೂ ಹಿಗ್ಗಿ, ಅದರ ವಿದ್ಯುತ್ ತಡೆ ಬದಲಾಗುತ್ತದೆ.

ಇಲ್ಲೇ ತೊಡಕು. ಚಳಿಗೂ ಕಾಂತಕ್ಷೇತ್ರಕ್ಕೂ ಆ ಎಳೆ ತಾನೇ ಬದಲಾಗಿ, ಇಲ್ಲದ ಸೆಳೆತವನ್ನು ಇದೆಯೆಂದು ವರದಿಮಾಡಬಹುದು. ಅದಕ್ಕೆಂದೇ ಇಂಥ ಕಾಂತಗಳಲ್ಲಿ, ಅದೇ ಚಳಿಯಲ್ಲಿ, ಅದೇ ಕ್ಷೇತ್ರದಲ್ಲಿ, ಯಾವ ಭಾರವನ್ನೂ ಹೊರದ ಲೋಹದ ತುಣುಕಿನ ಮೇಲೆ ಇನ್ನೊಂದು ಗೇಜನ್ನು ಇಡುವ ವಾಡಿಕೆಯಿದೆ. ಅದರ ಲೆಕ್ಕವನ್ನು ಕಳೆದರೆ ಉಳಿಯುವುದೇ ಉಕ್ಕಿನ ನಿಜವಾದ ನೋವು.

ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದ್ದ ನನಗೆ ಇದು ಹೊಳೆದಿರಲಿಲ್ಲ. ಆ ಮೇಸ್ತ್ರಿಗೆ ತಿಳಿದಿತ್ತು.

ಮಳೆಗಾಲದ ಒಂದು ಶನಿವಾರ, ಬೆಳಗಿನ ಬಲಿಪೂಜೆಯ ನಂತರ ನೋಡಿದರೆ ಬಿರುಕಿನ ಮೇಲಿನ ಗಾಜು ಸೀಳಿತ್ತು. ಎದೆ ಧಸಕ್ಕೆಂದಿತು. ಎರಡನೆಯದರ ಬಳಿಗೆ ಓಡಿದೆ. ಅದು ಹಾಗೆಯೇ ಇತ್ತು. ಸಂಜೆಯೊಳಗೆ ಆ ಬದಿಯ ಬೆಂಚುಗಳನ್ನೆಲ್ಲ ಹೊರಗೆ ಸಾಗಿಸಿದೆವು.