ಸದ್ದಿಲ್ಲದ ಕುಣಿತ

ಕಳೆದ ವರ್ಷದಿಂದ ನನ್ನ ಬಲಗಿವಿ ಸರಿಯಾಗಿ ಕೇಳುತ್ತಿಲ್ಲ. ಇಲ್ಲಿ ಪುಣೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ, "ಸಣ್ಣ, ಚೂಪಾದ ಸದ್ದುಗಳು ನಿಮಗೆ ಕೇಳಿಸುವುದಿಲ್ಲ, ಯಂತ್ರ ಹಾಕಿಕೊಳ್ಳಿ" ಎಂದರು. ಮೂವತ್ತೆಂಟಕ್ಕೇ ಅಜ್ಜನ ಕಾಯಿಲೆ! ನಾಚಿಕೆಯಿಂದ ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ಮೀಟಿಂಗಿನಲ್ಲಿ ಮಾತು ತಪ್ಪಿದಾಗಲೆಲ್ಲ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸುತ್ತಿದ್ದೆ.

ನಮ್ಮ ತಂಡದ ಒಬ್ಬರು ಮೆಕ್ಸಿಕೋದ ಗ್ವಾದಲಹಾರಾದಲ್ಲಿದ್ದಾರೆ. ಅವರ ಮಾತು ಕೇಳಿಸದಾಗ ನನ್ನ ಕಣ್ಣು ಅವರ ಹಿಂದಿನ ಗೋಡೆಗೆ ಹೋಗುತ್ತಿತ್ತು. ಅಲ್ಲೊಂದು ಚಿತ್ರ: ಬಣ್ಣದ ಉಡುಪು ತೊಟ್ಟ ಕುಣಿತಗಾರ, ಒಂದು ಕಾಲು ನೆಲ ಬಿಟ್ಟಿದೆ. ಒಮ್ಮೆ ಕೇಳಿಯೇಬಿಟ್ಟೆ. "ಕಾರ್ಲೋಸ್ ಮೆರಿದಾನ ಲಿಥೋಗ್ರಾಫ್. ಮೆಕ್ಸಿಕೋದ ಸಾಂಪ್ರದಾಯಿಕ ಕುಣಿತಗಳ ಸರಣಿ ಮಾಡಿದ್ದ" ಎಂದರು.

ಲಿಥೋಗ್ರಾಫ್ ಎಂದರೆ ಕಲ್ಲಚ್ಚು. ನುಣುಪಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿ ಶಾಯಿ ಉರುಳಿಸಿದರೆ, ನೀರಿದ್ದಲ್ಲಿ ಶಾಯಿ ನಿಲ್ಲದು, ಜಿಡ್ಡಿಗೆ ಮಾತ್ರ ಅಂಟುತ್ತದೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ನಮ್ಮ ಅಜ್ಜಿಯರ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿಯರೂ ಹೀಗೇ ಕಲ್ಲಿನಿಂದ ಎದ್ದು ಬಂದವರು. ಆ ಮುದ್ರಣಾಲಯ ಮುಂಬೈಯಿಂದ ಹೋಗಿ ನೆಲೆಸಿದ ಮಳವಲಿ, ನಮ್ಮ ಲೋಣಾವಳ ಲೋಕಲ್ ನಿಲ್ಲುವ ಊರು.

ರಾತ್ರಿ ಮೆರಿದಾನ ಬಗ್ಗೆ ಓದುತ್ತ ಕೂತೆ. 1891ರಲ್ಲಿ ಗ್ವಾಟೆಮಾಲಾದಲ್ಲಿ ಹುಟ್ಟಿದವನು. ಸಂಗೀತಗಾರನಾಗುವ ಆಸೆ. ಹದಿಹರೆಯದಲ್ಲಿ ಕಿವಿ ಮಂದವಾಯಿತು, ಪಿಯಾನೋ ಬಿಟ್ಟು ಕುಂಚ ಹಿಡಿದ. 1919ರಲ್ಲಿ ಮೆಕ್ಸಿಕೋಗೆ ಬಂದ. 1932ರಲ್ಲಿ ಅಲ್ಲಿನ ಸರಕಾರಿ ನೃತ್ಯಶಾಲೆಯ ಮುಖ್ಯಸ್ಥನಾದ. ಮಗಳು ಆನಾ ನರ್ತಕಿಯಾದಳು. ಸರಿಯಾಗಿ ಕೇಳಿಸದವನು ಕುಣಿತದ ಶಾಲೆ ನಡೆಸಿದ, ಕುಣಿತವನ್ನೇ ಕಲ್ಲಿನ ಮೇಲೆ ಬರೆದ! ಈ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿ ಸುಮ್ಮನೆ ಕೂತಿದ್ದೆ.

ಮರುದಿನ ಆ ಗೆಳೆಯರು ಒಂದು ವಿಡಿಯೋ ಕಳಿಸಿದರು. ಸೊನೋರಾದ ಯಾಕಿ ಜನರ ಜಿಂಕೆ ಕುಣಿತ. ತಲೆಯ ಮೇಲೆ ಜಿಂಕೆಯ ತಲೆ, ಕೈಯಲ್ಲಿ ಸೋರೆಬುರುಡೆಯ ಗಿಲಕಿ, ಕಾಲಿಗೆ ಸುತ್ತಿದ ಚಿಟ್ಟೆಗೂಡುಗಳ ಸರ. ಆ ಗೂಡುಗಳ ಸರಸರ ಸದ್ದನ್ನು ಹೆಂಡತಿ ಕೇಳಿ "ಎಷ್ಟು ಚೆನ್ನಾಗಿದೆ" ಎಂದಳು. ನನಗೆ ಕೇಳಿಸಲಿಲ್ಲ. ಆದರೆ ಕಾಲನ್ನು ನೋಡುತ್ತಿದ್ದೆ. ಅದು ಬೆದರಿ ನಿಂತದ್ದು, ಚಿಮ್ಮಿದ್ದು, ತಾಳ ತಪ್ಪದೆ ಇಳಿದದ್ದು ಎಲ್ಲ ಕಂಡಿತು. ಗೋಡೆಯ ಚಿತ್ರದ ಆ ಎತ್ತಿದ ಕಾಲು ನೆನಪಾಯಿತು. ಮೆರಿದಾ ನೋಡಿದ್ದೂ ಹೀಗೇ ಇರಬೇಕು ಅನ್ನಿಸಿತು.

ಮುಂದಿನ ಮೀಟಿಂಗಿನ ಮೊದಲಿಗೇ ಹೇಳಿದೆ: "ನನಗೆ ಕಿವಿ ಸ್ವಲ್ಪ ಮಂದ. ದಯವಿಟ್ಟು ಕ್ಯಾಮೆರಾ ಆನ್ ಮಾಡಿ, ಮುಖ ನೋಡಿದರೆ ಮಾತು ಅರ್ಥವಾಗುತ್ತದೆ." ಯಾರೂ ನಗಲಿಲ್ಲ. ಒಂದೊಂದಾಗಿ ಹನ್ನೊಂದು ಮುಖಗಳು ಪರದೆಯ ಮೇಲೆ ಮೂಡಿದವು. ಶನಿವಾರ ಯಂತ್ರದ ಅಳತೆಗೆ ಹೋಗುತ್ತಿದ್ದೇನೆ. ಹಾಕಿಕೊಂಡ ಮೇಲೆ ಮೊದಲು ಕೇಳಬೇಕಾದದ್ದು ಆ ಚಿಟ್ಟೆಗೂಡುಗಳ ಸದ್ದನ್ನು.